ಸತ್ಯವ್ವನ ಸಾಕ್ಷಿ

ಖಾನಾಪುರ
೧೪ ಆಗಸ್ಟ್ ೧೯೭೮

ನನ್ನ ಮನೆಯವರಿಗೆ, ಯೇಸುಸ್ವಾಮಿಯ ಹೆಸರಿನಲ್ಲಿ ಕೃಪಾಬಾಯಿ ಕೈಮುಗಿದು ಬರೆದದ್ದು.

ಬೆಳಗಾವಿಯ ಕೋರ್ಟಿನಿಂದ ನಿಮ್ಮನ್ನು ಹಿಂಡಲಗಾ ಜೈಲಿಗೆ ಕರೆದೊಯ್ದು ಇವತ್ತಿಗೆ ಹದಿನೆಂಟು ದಿನವಾಯಿತು. ಜಡ್ಜ್ ಸಾಹೇಬರು ಏಳು ವರ್ಷ ಎಂದು ಓದಿದಾಗ ನಾನು ಅಳಲಿಲ್ಲ. ನೀವು ನನ್ನ ಕಡೆಗೆ ನೋಡುತ್ತೀರಿ, ಆಗ ನನ್ನ ಮುಖ ಗಟ್ಟಿಯಾಗಿರಬೇಕು ಎಂದುಕೊಂಡು ನಿಂತಿದ್ದೆ. ನೀವು ನೋಡಲಿಲ್ಲ. ಪೊಲೀಸರು ಅವಸರ ಮಾಡಿದರೇನೋ.

ಹೊರಗೆ ವಕೀಲ ಗುರುಪಾದಪ್ಪನವರು ಧೈರ್ಯ ಹೇಳಿದರು. "ಅಪೀಲದಾಗ ಬಿಡಿಸ್ಕೊಂಡ ಬರ್ತೀನಿ, ತಾಯಿ. ನೋಡಿದಾಕಿ ಆ ಸತ್ಯವ್ವ ಒಬ್ಬಾಕಿನ. ಒಬ್ಬಾಕಿ ಮಾತಿನ ಮ್ಯಾಲ ಏಳ ವರ್ಷ ಹೆಂಗ ಇಡ್ತಾರ?"

ನಡೆದದ್ದನ್ನು ದಿನಾ ಮನಸ್ಸಿನಲ್ಲಿ ಓದಿಕೊಳ್ಳುತ್ತೇನೆ, ಮರೆತರೆ ದೇವರ ಮುಂದೆ ಸರಿಯಾಗಿ ಹೇಳಲಾಗುವುದಿಲ್ಲವೇನೋ ಎಂಬಂತೆ. ಭರಮಪ್ಪ ಕುಡಿದು ಕೆಲಸಕ್ಕೆ ಬಂದ. ಹಂಚಿನ ಕಾರಖಾನೆಯಲ್ಲಿ ಆಳುಗಳ ಮೇಲಿನ ಮುಕಾದಮರಾಗಿ ನೀವು ಬುದ್ಧಿ ಹೇಳಿದಿರಿ. ಅವನು ಹಂಚಿಗೆ ಮಣ್ಣು ತೆಗೆದ ಕುಣಿಯ ದಂಡೆಯಿಂದ ಜಾರಿ ಕಲ್ಲಿನ ಮೇಲೆ ಬಿದ್ದು ಸತ್ತ. ಬುತ್ತಿ ತಂದಿದ್ದ ಅವನ ಹೆಂಡತಿ ಸತ್ಯವ್ವ, ನೀವು ಸಲಿಕೆಯ ಕಟ್ಟಿಗೆಯ ಕಾವಿನಿಂದ ಹೊಡೆದದ್ದನ್ನು ಕಣ್ಣಾರೆ ಕಂಡೆ ಎಂದು ಆಣೆ ಮಾಡಿ ಸುಳ್ಳು ಹೇಳಿದಳು. ಇಷ್ಟೇ.

ಪ್ರತಿ ಶುಕ್ರವಾರ ನಿಮ್ಮ ಬಿಡುಗಡೆಗಾಗಿ ಇಡೀ ಸಭೆ ಉಪವಾಸ ಪ್ರಾರ್ಥನೆಗೆ ಕೂಡುತ್ತದೆ. ನಮ್ಮ ಹನ್ನೊಂದು ತಿಂಗಳ ಕೂಸು ಸ್ತುತಿ ಜ್ವರದಲ್ಲಿ ಬಿದ್ದಾಗ ಮೂರು ದಿನ ಕೂತಿದ್ದರಲ್ಲ, ಹಾಗೆಯೇ. ದೇವರು ಒಂದು ಸಲ ನನ್ನ ಮಡಿಲಿನಿಂದ ತೆಗೆದುಕೊಂಡಿದ್ದಾನೆ. ಎರಡನೆಯ ಸಲ ತೆಗೆದುಕೊಳ್ಳಲಾರ. ಅದನ್ನೇ ನಂಬಿದ್ದೇನೆ.

ನಿಮ್ಮ ಕೃಪಾ

*

ಹಿಂಡಲಗಾ ಜೈಲು, ಬೆಳಗಾವಿ
೧೦ ಸೆಪ್ಟೆಂಬರ್ ೧೯೭೮

ಕೃಪಾ,

ನಿನ್ನ ಕಾಗದ ಬಂತು. ಇಲ್ಲಿ ಬರುವ ಕಾಗದವನ್ನೂ ಹೋಗುವ ಕಾಗದವನ್ನೂ ಜೈಲಿನ ಸಾಹೇಬರು ಓದುತ್ತಾರೆ, ಹಾಗಾಗಿ ಹೆಚ್ಚು ಬರೆಯುವುದಿಲ್ಲ. ನನ್ನನ್ನು ತೋಟದ ಕೆಲಸಕ್ಕೆ ಹಾಕಿದ್ದಾರೆ. ಊಟಕ್ಕೆ ತೊಂದರೆ ಇಲ್ಲ.

ಶುಕ್ರವಾರದ ಉಪವಾಸ ನೀನು ಮಾಡಬೇಡ. ಸ್ತುತಿ ಹೋದ ಮೇಲೆ ನಿನ್ನ ಮೈಯಲ್ಲಿ ಶಕ್ತಿ ಇಲ್ಲ. ಸಭೆಯವರಿಗೂ ಹೇಳು, ಇಷ್ಟು ಕಷ್ಟಪಡುವುದು ಬೇಡ. ನಾನು ಅಷ್ಟಕ್ಕೆ ಯೋಗ್ಯನಲ್ಲ.

ಪ್ರಭುದಾಸ

*

ಖಾನಾಪುರ
೨೮ ನವೆಂಬರ್ ೧೯೭೮

ನನ್ನ ಮನೆಯವರಿಗೆ ಕೃಪಾಳ ವಂದನೆ.

ಅಕ್ಟೋಬರಿನಲ್ಲಿ ನಿಮ್ಮನ್ನು ನೋಡಲು ಬಂದು ಹೋದ ಮೇಲೆ ಎಂಟು ದಿನ ನನ್ನ ಕಿವಿಯಲ್ಲಿ ಆ ಗದ್ದಲವೇ ತುಂಬಿಕೊಂಡಿತ್ತು. ಎರಡು ತಂತಿ ಜಾಳಿಗೆಗಳ ಆಚೀಚೆ ಅಷ್ಟು ಜನ ಒಮ್ಮೆಲೇ ಕೂಗಿದರೆ ಯಾರ ಮಾತು ಯಾರಿಗೆ ಕೇಳೀತು? ನೀವು ಏನೋ ಹೇಳಲು ಬಾಯಿ ತೆರೆದಿರಿ. ನಾನು ಸಭೆಯ ಪ್ರಾರ್ಥನೆಯ ಸುದ್ದಿ ಕೂಗಿ ಹೇಳುತ್ತಿದ್ದೆ. ಅಷ್ಟರಲ್ಲಿ ಸಿಪಾಯಿ ವೇಳೆ ಮುಗಿಯಿತು ಎಂದ. ಏನು ಹೇಳಲಿದ್ದಿರಿ?

ಯೋಗ್ಯನಲ್ಲ ಎಂದು ಬರೆದಿರಿ. ಆ ಮಾತನ್ನು ಪಾದ್ರಿಯವರಿಗೆ ತೋರಿಸಿದೆ. ಇಷ್ಟು ಅನ್ಯಾಯದಲ್ಲೂ ಇಂಥ ದೀನತೆ ಇದೆಯಲ್ಲ ಎಂದು ಅವರ ಕಣ್ಣಲ್ಲಿ ನೀರು ಬಂತು. ಉಪವಾಸ ನಾನು ಬಿಡುವುದಿಲ್ಲ. ಆರೋಗ್ಯವಾಗಿದ್ದೇನೆ.

ಸತ್ಯವ್ವ ನೀರಿಗೆ ಬಂದರೆ ಬಾವಿಯ ಹತ್ತಿರ ಯಾರೂ ಅವಳಿಗೆ ಹಗ್ಗ ಕೊಡುವುದಿಲ್ಲ. ಕಾರಖಾನೆಯಲ್ಲೂ ಅವಳನ್ನು ಕೆಲಸಕ್ಕೆ ಕರೆಯುವುದಿಲ್ಲ. ನಮ್ಮ ವಕೀಲರು ಕೋರ್ಟಿನಲ್ಲಿ ಅವಳ ನಡತೆಯ ಬಗ್ಗೆ ಕೇಳಿದರಲ್ಲ, ಆ ಮಾತು ಊರೆಲ್ಲ ಹಬ್ಬಿದೆ. ನಿನ್ನೆ ಅವಳು ಕೊಡ ಹಿಡಿದುಕೊಂಡು ಬಿಸಿಲಲ್ಲಿ ಸುಮ್ಮನೆ ನಿಂತಿದ್ದಳು. ನನಗೆ ಸಂತೋಷವಾಯಿತು. ಇದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳಲಾರೆ.

ಇನ್ನು ಮೇಲೆ ಕಾಗದವನ್ನು ಪಾದ್ರಿಯವರ ವಿಳಾಸಕ್ಕೆ ಹಾಕಿರಿ. ಅಂಚೆಯವನು ನಮ್ಮ ಸಾಲುಮನೆಗಳ ಕಡೆ ಸರಿಯಾಗಿ ಬರುತ್ತಿಲ್ಲ.

ಕೃಪಾ

*

ಹಿಂಡಲಗಾ
೧೧ ಡಿಸೆಂಬರ್ ೧೯೭೮

ಕೃಪಾ,

ಸತ್ಯವ್ವನಿಗೆ ನೀರು ಸೇದಲು ಕೊಡಿರಿ. ಅವಳ ಮೇಲೆ ನಿಮಗೆ ಯಾರಿಗೂ ಸಿಟ್ಟು ಬೇಡ. ನನ್ನ ಮನಸ್ಸಿನಲ್ಲಿ ಅವಳ ಬಗ್ಗೆ ಒಂದು ಕೆಟ್ಟ ಮಾತೂ ಇಲ್ಲ. ಅವಳಿಗೆ ನಾಲ್ಕು ವರ್ಷದ ಹುಡುಗಿ ಇದ್ದಾಳೆ, ಚಂದ್ರಾ ಎಂದು ಹೆಸರು. ಅವಳು ಹೇಗಿದ್ದಾಳೆ, ಬರೆದು ತಿಳಿಸು.

ಇದನ್ನು ದೊಡ್ಡ ಮಾತೆಂದು ತಿಳಿಯಬೇಡ. ನಾನು ಹೇಳಿದಷ್ಟು ಮಾಡು.

ಪ್ರಭುದಾಸ

*

ಖಾನಾಪುರ
೨ ಫೆಬ್ರುವರಿ ೧೯೭೯

ನನ್ನ ಮನೆಯವರಿಗೆ,

ನಿಮ್ಮ ಡಿಸೆಂಬರಿನ ಕಾಗದವನ್ನು ಕ್ರಿಸ್‌ಮಸ್ ಆರಾಧನೆಯಲ್ಲಿ ಓದಿಸಿದೆ. ಸಭೆಯ ಹಿರಿಯ ಲಕ್ಷ್ಮಪ್ಪನವರು ಎದ್ದು ನಿಂತು ಓದಿದರು. ಸುಳ್ಳುಸಾಕ್ಷಿ ಹೇಳಿದವಳ ಮೇಲೂ ಸಿಟ್ಟಿಲ್ಲ, ಅವಳ ಮಗಳ ಕ್ಷೇಮ ಕೇಳುತ್ತಾನೆ ಎಂದು ಜನ ಗಟ್ಟಿಯಾಗಿ ಅತ್ತರು. ನನ್ನ ಗಂಡ ಇಂಥವನು ಎಂದು ನಾನು ತಲೆ ಎತ್ತಿ ಕೂತಿದ್ದೆ.

ಅದಾದ ಮೇಲೆ ಜನವರಿಯೆಲ್ಲ ನಿಮ್ಮಿಂದ ಕಾಗದವಿಲ್ಲ. ಯಾಕೆ?

ಚಂದ್ರಾ ಈಗ ಇಲ್ಲಿಲ್ಲ. ಭರಮಪ್ಪನ ತಾಯಿ ಕಾಕತಿಯಿಂದ ಬಂದು ಅವಳನ್ನು ಕರೆದುಕೊಂಡು ಹೋದಳು. "ಕೋರ್ಟಿನ್ಯಾಗ ನಿನ್ನ ನಡತಿ ಎಲ್ಲಾರೂ ಕೇಳ್ಯಾರ. ನನ್ನ ಮಗ ಕುಡದು ಸತ್ತಾ, ನೀ ಯಾರ ಮಾತ ಕೇಳಿ ಕಟ್ಟಿ ಹೇಳಿದೋ. ನಿನ್ನ ಕೈಯಾಗ ಕೂಸು ಬಿಡೂದಿಲ್ಲ" ಎಂದು ಗುಡಿಸಲ ಮುಂದೆ ನಿಂತು ಕೂಗಿದಳಂತೆ. ಸತ್ಯವ್ವ ಬಸ್ಸಿನ ಹಿಂದೆ ರೇಲ್ವೆ ಗೇಟಿನ ತನಕ ಓಡಿದಳಂತೆ. ಇದನ್ನು ಕೇಳಿದಾಗ ಮಾತ್ರ ನನಗೆ ಸಂತೋಷವಾಗಲಿಲ್ಲ. ಮಗುವಿಲ್ಲದ ಕೈ ಎಂಥದೆಂದು ನನಗೆ ಗೊತ್ತು.

ಇನ್ನು ನನ್ನ ಮಾತು. ನಾನು ಗಟ್ಟಿಯಾಗಿದ್ದೇನೆ ಎಂದು ಬರೆಯುತ್ತ ಬಂದೆ, ಇವತ್ತು ಬರೆಯಲಾರೆ. ಶುಕ್ರವಾರದ ಕೂಟಕ್ಕೆ ಈಗ ಏಳೆಂಟು ಜನ ಬರುತ್ತಾರೆ. ಉಳಿದವರಿಗೆ ಸಾಕಾಗಿದೆ. ನಾನು ಬುಧವಾರವೂ ಊಟ ಬಿಟ್ಟಿದ್ದೇನೆ. ಮೊಣಕಾಲೂರಿದರೆ 'ಬಿಡಿಸು' ಎಂಬ ಒಂದೇ ಶಬ್ದ ಬಾಯಿಗೆ ಬರುತ್ತದೆ. ಬಿಡಿಸು, ಬಿಡಿಸು, ಬಿಡಿಸು. ಅದು ಪ್ರಾರ್ಥನೆಯೋ ಚೀರಾಟವೋ ತಿಳಿಯದು. ದೇವರು ನೀತಿವಂತನಾಗಿದ್ದರೆ ನಿಮ್ಮನ್ನು ಬಿಡಿಸಲೇಬೇಕು. ಬಿಡಿಸದಿದ್ದರೆ ಅವನು ಎಂಥವನು? ಹೀಗೆ ಕೇಳುವುದು ಪಾಪವಾದರೆ ಆಗಲಿ. ನನಗೆ ಉಳಿದಿರುವುದು ನೀವು ನಿರಪರಾಧಿ ಎಂಬ ಒಂದೇ ಮಾತು. ಅದನ್ನು ಹಿಡಿದುಕೊಂಡೇ ದೇವರನ್ನೂ ಹಿಡಿದುಕೊಂಡಿದ್ದೇನೆ.

ಒಂದು ಸಾಲಾದರೂ ಬರೆಯಿರಿ.

ಕೃಪಾ

*

ಹಿಂಡಲಗಾ
೯ ಏಪ್ರಿಲ್ ೧೯೭೯

ಕೃಪಾ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಎಷ್ಟೋ ಸಲ ಬರೆದು ಹರಿದಿದ್ದೇನೆ. ಶುಭ ಶುಕ್ರವಾರಕ್ಕೆ ನಾಲ್ಕು ದಿನವಿದೆ. ಅವತ್ತು ನೀನು ಮತ್ತೆ ನನ್ನ ಹೆಸರು ಹಿಡಿದು ದೇವರ ಮುಂದೆ ಬೀಳುತ್ತೀಯೆಂದು ನೆನೆದರೆ ಅನ್ನ ಇಳಿಯುವುದಿಲ್ಲ.

ನಾನು ಹೊಡೆದೆ. ಸತ್ಯವ್ವ ಹೇಳಿದ್ದೆಲ್ಲ ನಿಜ.

ಭರಮಪ್ಪ ಕುಡಿದಿದ್ದ, ಆದರೆ ನೆಟ್ಟಗೆ ನಿಂತಿದ್ದ. ನಾನು ಎಲ್ಲರ ಎದುರಿಗೆ ಅವನನ್ನು ಬೈದೆ, ಬಳಿಕ ಕುಣಿಯ ಹತ್ತಿರ ಒಬ್ಬನನ್ನೇ ಕರೆದು ಕುಡಿತದ ಬಗ್ಗೆ ದೇವರ ಮಾತು ಹೇಳತೊಡಗಿದೆ. ಅವನು ನಕ್ಕ. "ಏನ್ರಿ ಮುಕಾದಮರ, ಮೂರ ದಿನಾ ಊರ ಮಂದಿನೆಲ್ಲಾ ಮೊಣಕಾಲ ಮ್ಯಾಲ ಕುಂದರಿಸಿದ್ರಿ. ನಿಮ್ಮ ದೇವ್ರಿಗೆ ಒಂದ ಕೂಸಿನ್ನ ಉಳಸಾಕ ಆಗಲಿಲ್ಲ. ನಮಗ್ಯಾಕ ಹೇಳಾಕ ಬಂದೀರಿ?" ಎಂದ.

ಅವನು ಸ್ತುತಿಯನ್ನು ಹಂಗಿಸಿದ, ಅದಕ್ಕೇ ಸಿಟ್ಟು ಬಂತು ಎಂದು ಮೊದಲು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಅವನು ಅಂದದ್ದು ನನ್ನೊಳಗೇ ಇದ್ದ ಮಾತು. ಕೂಸನ್ನು ಮಣ್ಣು ಮಾಡಿ ಬಂದ ದಿನದಿಂದ ನಾನು ಅದನ್ನೇ ಅನ್ನುತ್ತಿದ್ದೆ, ಆರಾಧನೆಯಲ್ಲಿ ಕಾಣಿಕೆ ತಟ್ಟೆ ಹಿಡಿದು ಓಡಾಡುವಾಗಲೂ. ನೀನು ಗಟ್ಟಿಯಾಗಿ ನಂಬಿ ನಿಂತಿದ್ದೆ. ನಿನ್ನ ಮುಂದೆ ಹೇಳಲು ನಾಚಿಕೆ. ಅದೇ ಮಾತು ಅವನ ಬಾಯಿಂದ ಬಂದಾಗ ಕೈಯಲ್ಲಿ ಸಲಿಕೆ ಇತ್ತು. ಕಾವಿನಿಂದ ಒಂದೇ ಪೆಟ್ಟು ಹೊಡೆದೆ. ಅವನು ಹಿಂದಕ್ಕೆ ಕಲ್ಲಿನ ಮೇಲೆ ಬಿದ್ದ. ತಲೆ ಎತ್ತಿದರೆ ಸತ್ಯವ್ವ ಬುತ್ತಿ ಹಿಡಿದು ನಿಂತಿದ್ದಳು.

ಜಾರಿ ಬಿದ್ದ ಎಂದು ಮೊದಲು ಕೂಗಿದ್ದು ನಾನೇ. ಆಮೇಲೆ ಆ ಮಾತಿನಿಂದ ಇಳಿಯಲಾಗಲಿಲ್ಲ. ನೀನು ನಂಬಿದೆ, ಸಭೆ ನಂಬಿತು, ವಕೀಲರು ಅವಳನ್ನು ಕೋರ್ಟಿನಲ್ಲಿ ಬೆತ್ತಲೆ ಮಾಡಿದಂತೆ ಪ್ರಶ್ನೆ ಕೇಳಿದರು. ನಾನು ಕಟಕಟೆಯಲ್ಲಿ ನಿಂತು ಕೇಳಿಸಿಕೊಂಡೆ. ಜಾಳಿಗೆಯ ಹತ್ತಿರ ಅವತ್ತು ಹೇಳಬೇಕೆಂದಿದ್ದು ಇದನ್ನೇ. ಸತ್ಯವ್ವನಿಗೆ ನೀರು ಕೊಡಿ ಎಂದು ಬರೆದದ್ದೂ ಇದಕ್ಕೇ. ಅದನ್ನು ನೀನು ಕ್ರಿಸ್‌ಮಸ್ ದಿನ ಓದಿಸಿದೆ. ಆ ಸುದ್ದಿ ತಿಳಿದ ದಿನ ಇಲ್ಲಿಯ ತೋಟದ ಬಾವಿಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದೆ, ಕೃಪಾ. ಬೀಳುವಷ್ಟು ಧೈರ್ಯವೂ ಬರಲಿಲ್ಲ.

ಈ ಕಾಗದವನ್ನು ಸಾಹೇಬರು ಓದುತ್ತಾರೆಂದು ತಿಳಿದೇ ಬರೆಯುತ್ತಿದ್ದೇನೆ. ನನ್ನ ಬಿಡುಗಡೆಗೆ ಇನ್ನು ಪ್ರಾರ್ಥಿಸಬೇಡ.

ಪ್ರಭುದಾಸ

*

ಹಿಂಡಲಗಾ
೨೧ ಮೇ ೧೯೭೯

ಕೃಪಾ,

ಏಪ್ರಿಲಿನಲ್ಲಿ ಆ ಕಾಗದ ಕೊಟ್ಟ ದಿನ ಸಾಹೇಬರು ನನ್ನನ್ನು ಕರೆಸಿದ್ದರು. ಕಾಗದ ಮೇಜಿನ ಮೇಲಿತ್ತು. "ಇದು ಹೋದರ ನಿನ್ನ ಅಪೀಲಿಗೆ ಏನ ಆಗ್ತದ ಗೊತ್ತದ ಏನು? ವಾಪಸ್ ತಗೋತೀಯೇನು?" ಎಂದು ಕೇಳಿದರು. ಕಳಿಸಿರಿ ಎಂದೆ. ಹಾಗಾಗಿ ಅದು ನಿನಗೆ ಮುಟ್ಟಿದೆ ಎಂದು ತಿಳಿದಿದ್ದೇನೆ. ಅಪೀಲು ಹಿಂದಕ್ಕೆ ತೆಗೆದುಕೊಳ್ಳಲು ವಕೀಲರಿಗೂ ಬರೆದೆ.

ಬೈದಾದರೂ ಬರೆ.

ಪ್ರಭುದಾಸ

*

ಹಿಂಡಲಗಾ
೩೦ ಜುಲೈ ೧೯೭೯

ಕೃಪಾ,

ನೀನು ಬದುಕಿದ್ದೀಯೋ ಇಲ್ಲವೋ ಅಷ್ಟಾದರೂ ತಿಳಿಸಲು ಪಾದ್ರಿಯವರಿಗೆ ಹೇಳು.

ಪ್ರಭುದಾಸ

*

ಖಾನಾಪುರ
೨೩ ಸೆಪ್ಟೆಂಬರ್ ೧೯೭೯

ಪ್ರಭುದಾಸರಿಗೆ,

ಬದುಕಿದ್ದೇನೆ.

ನಿಮ್ಮ ಕಾಗದ ಶುಭ ಶುಕ್ರವಾರದ ಹಿಂದಿನ ದಿನ ಬಂತು. ಓದಿ, ಮಡಚಿ, ಅಕ್ಕಿಯ ಡಬ್ಬಿಯಲ್ಲಿಟ್ಟೆ. ಮರುದಿನ ನಮ್ಮ ಸಭೆಯ ಗುಡಿಗೆ ಹೋದೆ. ಎಂದಿನಂತೆ ಪಾದ್ರಿಯವರು ನಿಮ್ಮ ಹೆಸರು ಹೇಳಿದರು, ಜನ ಕಣ್ಣು ಮುಚ್ಚಿದರು. ನಾನು ಕಣ್ಣು ತೆರೆದುಕೊಂಡೇ ಇದ್ದೆ. ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ನಿಮ್ಮನ್ನು ಏನು ಬೈಯಲಿ? ನಾನೂ ಐದು ತಿಂಗಳು ಬಾಯಿ ಮುಚ್ಚಿಕೊಂಡೇ ಇದ್ದೆ.

ನಾನೂ ಮುಚ್ಚಿಟ್ಟದ್ದಿದೆ. ಕಾರಖಾನೆಯವರು ನಮ್ಮ ಸಾಲುಮನೆಯನ್ನು ಹೋದ ನವೆಂಬರಿನಲ್ಲೇ ಖಾಲಿ ಮಾಡಿಸಿದರು. ಅಂಚೆಯವನ ಮಾತು ಸುಳ್ಳು. ಮಿಷನ್ನಿನ ಹುಡುಗಿಯರ ವಸತಿಗೃಹದಲ್ಲಿ ಪಾತ್ರೆ ತಿಕ್ಕಿಕೊಂಡು, ಕಟ್ಟಿಗೆಯ ಕೋಣೆಯ ಬಾಜು ಮಲಗುತ್ತೇನೆ. ಉಪವಾಸದಿಂದ ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದೆ. ನೀವು ಒಳಗೆ ಕುಗ್ಗಬಾರದೆಂದು ಗಟ್ಟಿಗಿತ್ತಿಯಂತೆ ಬರೆದೆ. ಆ ಗಟ್ಟಿತನವನ್ನು ನೋಡಿಯೇ ನೀವು ಹೆದರಿದಿರಿ ಎಂದು ಈಗ ತಿಳಿಯುತ್ತದೆ. ಸ್ತುತಿ ಹೋದಾಗ ನಾನೂ ಕೇಳಿದ್ದೆ, ಒಲೆಯ ಮುಂದೆ ಕೂತು, ನೀವು ಕೆಲಸಕ್ಕೆ ಹೋದ ಮೇಲೆ: ಉಳಿಸಲಾಗದವನ ಹತ್ತಿರ ಯಾಕೆ ಮೂರು ದಿನ ಬೇಡಿದೆ ಎಂದು. ಒಂದೇ ಕೋಣೆಯಲ್ಲಿ ಇಬ್ಬರೂ ಒಂದನ್ನೇ ಕೇಳಿಕೊಳ್ಳುತ್ತಿದ್ದೆವು. ಒಬ್ಬರಿಗೊಬ್ಬರು ಹೇಳಿದ್ದರೆ ಭರಮಪ್ಪ ಉಳಿಯುತ್ತಿದ್ದನೋ ಏನೋ. ಇದನ್ನು ನೆನೆದಾಗ ನಿಮ್ಮ ಮೇಲೆ ಬರುವಷ್ಟು ಸಿಟ್ಟು ಇನ್ಯಾವುದಕ್ಕೂ ಬರುವುದಿಲ್ಲ.

ಐದು ತಿಂಗಳು ನಾನು ಪ್ರಾರ್ಥಿಸಲಿಲ್ಲ. ಮೊಣಕಾಲೂರಿದರೆ ಅದೇ ಹಳೆಯ 'ಬಿಡಿಸು' ಬರುತ್ತಿತ್ತು, ಎದ್ದುಬಿಡುತ್ತಿದ್ದೆ. ಒಂದು ದಿನ ಪಾತ್ರೆ ತೊಳೆಯುತ್ತಿದ್ದಾಗ ಥಟ್ಟನೆ ಹೊಳೆಯಿತು. ಆ ವರ್ಷವೆಲ್ಲ ಸತ್ಯವ್ವನೂ ಬೇಡಿರಬೇಕಲ್ಲ, ತನ್ನ ದೇವರನ್ನೋ ಆಕಾಶವನ್ನೋ, ನನ್ನ ಮಾತು ಖರೇ ಮಾಡು ಎಂದು. ನಾವು ಇಡೀ ಸಭೆ ಕೂಡಿ ಅವಳಿಗೆದುರಾಗಿ ಉಪವಾಸ ಮಾಡಿದೆವು. ದೇವರು ನಮ್ಮ ಮಾತು ನಡೆಸಿಕೊಟ್ಟಿದ್ದರೆ? ಕೈ ನೊರೆಯಲ್ಲೇ ಇತ್ತು. ಮೊದಲ ಸಲ, ಅವನು ನನ್ನ ಪ್ರಾರ್ಥನೆ ಕೇಳದಿದ್ದುದಕ್ಕೆ ಅವನ ಮುಂದೆ ತಲೆ ಬಗ್ಗಿತು.

ಮರುದಿನವೇ ಹೋದೆ. ಸತ್ಯವ್ವ ಈಗ ಬೆಳಗಾವಿ ರಸ್ತೆಯಲ್ಲಿ ಖಡಿ ಕಲ್ಲು ಒಡೆಯುತ್ತಾಳೆ. ನನ್ನನ್ನು ಕಂಡರೂ ಸುತ್ತಿಗೆ ನಿಲ್ಲಿಸಲಿಲ್ಲ.

"ಯಾಕ ಬಂದಿ? ಇನ್ನ ನನ್ನ ಕಡೆ ಏನ ಉಳದೈತಿ?"

"ನೀ ಹೇಳಿದ್ದು ಖರೇ ಐತಿ, ಸತ್ಯವ್ವ. ಅವರು ಬರದು ಕಳಿಸ್ಯಾರ" ಎಂದು ಕಾಗದ ತೆಗೆದೆ.

ಅವಳು ಅದರ ಕಡೆ ನೋಡಲೂ ಇಲ್ಲ. "ಖರೇ ಐತಿ ಅಂತ ನನಗ ಹೇಳಾಕ ಬಂದೀಯೇನ? ನಾ ನಿಂತು ನೋಡಿದಾಕಿ. ನನ್ನ ಮುಂದ ಅತ್ತು ನಿನ್ನ ಎದಿ ಹಗುರ ಮಾಡ್ಕೋಬ್ಯಾಡ. ಹೋಗು, ಬಾವಿ ಕಟ್ಟಿ ಮ್ಯಾಲ ನಿಂತು ಹೇಳು. ನಿನ್ನ ಗುಡಿಯಾಗ ಹೇಳು. ಕಾಕತಿಗೆ ಹೋಗಿ ನನ್ನ ಅತ್ತಿ ಮುಂದ ಹೇಳು."

ಆ ಭಾನುವಾರ ಗುಡಿಯಲ್ಲಿ ಎದ್ದು ನಿಂತೆ. ಕಾಗದ ಓದಿದೆ. ಯಾರೂ ಅಳಲಿಲ್ಲ. ಲಕ್ಷ್ಮಪ್ಪನವರು ಕೋಲು ಹಿಡಿದು ಎದ್ದು ಹೋದರು. ಈಗ ಶುಕ್ರವಾರದ ಕೂಟವಿಲ್ಲ. ಹೆಂಗಸರು ನನ್ನ ಬಾಜು ಕೂಡುವುದಿಲ್ಲ. ಪಾದ್ರಿಯವರು ಮಾತ್ರ ಮರುದಿನ ಬಾವಿಗೆ ಬಂದು ಸತ್ಯವ್ವನ ಕೊಡ ತಾವೇ ಸೇದಿ ಕೊಟ್ಟರು. ಅವಳು ಆ ನೀರನ್ನು ಅಲ್ಲೇ ಚೆಲ್ಲಿ, ತಾನೇ ಸೇದಿಕೊಂಡು ಹೋದಳು.

ಕಾಕತಿಗೆ ಹೋದದ್ದು ಮೊನ್ನೆ. ಭರಮಪ್ಪನ ತಾಯಿಗೆ ಓದಲು ಬರುವುದಿಲ್ಲ, ನನ್ನ ಮೇಲೆ ನಂಬಿಕೆಯೂ ಇಲ್ಲ. ಸಾಲಿಯ ಸಿದರಾಯ ಮಾಸ್ತರರನ್ನು ಕರೆಸಿದಳು. ಮಾಸ್ತರರು ಓದಿದರು. "ಇನ್ನೊಮ್ಮೆ ಓದ್ರಿ" ಎಂದಳು. ಓದಿದರು. ಮುದುಕಿ ಸೆರಗಿನ ತುದಿ ತಿರುವುತ್ತ, "ಅಂದ್ರ ನನ್ನ ಮಗ ಕುಡದು ಕಾಲ ಜಾರಿ ಸತ್ತಿಲ್ಲ" ಎಂದಳು. ಆಮೇಲೆ ಎದೆ ಬಡಿದುಕೊಂಡು ಅತ್ತಳು, ಅವನು ಇವತ್ತೇ ಸತ್ತನೇನೋ ಎಂಬಂತೆ. ಚಂದ್ರಾ ಬಾಗಿಲ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಸ್ತುತಿ ಇದ್ದಿದ್ದರೆ ಅವಳಿಗಿಂತ ಎರಡು ವರ್ಷ ಚಿಕ್ಕವಳು.

ಕಳಿಸುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ನಾನು ಬಸ್ಸು ಹತ್ತಿ ಬಂದೆ.

ನಿಮ್ಮನ್ನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡಿ. ನನಗೆ ಗೊತ್ತಿಲ್ಲ. ದೇವರನ್ನು ನಂಬುತ್ತೇನೆಯೇ ಎಂದು ಕೇಳಿದರೆ, ಹೌದು. ಆದರೆ ಮೊದಲಿನ ಹಾಗಲ್ಲ. ಈಗ ಏನನ್ನೂ ಬೇಡಲು ನನಗೆ ಬಾಯಿಲ್ಲ. ಅವನ ಮುಂದೆ ಸುಮ್ಮನೆ ಹೋಗಿ ಕೂಡುತ್ತೇನೆ.

ಕೃಪಾಬಾಯಿ

*

ಹಿಂಡಲಗಾ
೧೫ ಅಕ್ಟೋಬರ್ ೧೯೭೯

ಕೃಪಾ,

ನಿನ್ನ ಕಾಗದ ಹಿಡಿದು ತೋಟದಲ್ಲಿ ಕೂತಿದ್ದೆ. ಸಿಪಾಯಿ ಬಂದು ಯಾರಾದರೂ ಸತ್ತರೇನೋ ಎಂದು ಕೇಳಿದ. ಇಲ್ಲ, ಬದುಕಿದ್ದಾಳೆ ಎಂದೆ.

ಸತ್ಯವ್ವನ ನಡತೆಯ ಮೇಲೆ ಕೋರ್ಟಿನಲ್ಲಿ ಹಾಕಿದ ಮಾತು ಸುಳ್ಳೆಂದು ನನ್ನ ಕೈಯಾರೆ ಬರೆದು ಹೆಬ್ಬೆಟ್ಟನ್ನೂ ಒತ್ತಿ ಸಾಹೇಬರ ಸಹಿಯೊಂದಿಗೆ ಕಾಕತಿಯ ಪಂಚಾಯತಿಗೆ ಕಳಿಸಿದ್ದೇನೆ. ನಿನ್ನ ಹಾಗೆ ನಿಂತು ಹೇಳುವ ಅವಕಾಶ ನನಗಿಲ್ಲ. ಇದ್ದಿದ್ದರೂ ನಿಲ್ಲುತ್ತಿದ್ದೆನೋ ಇಲ್ಲವೋ.

ಸುಮ್ಮನೆ ಕೂಡುವುದು ನನಗೆ ಇನ್ನೂ ಬರುವುದಿಲ್ಲ. ಕಣ್ಣು ಮುಚ್ಚಿದರೆ ಭರಮಪ್ಪ ಎದುರಿಗೆ ಬರುತ್ತಾನೆ. ಆದರೂ ಕಣ್ಣು ಮುಚ್ಚುತ್ತೇನೆ.

ಪ್ರಭುದಾಸ

*

ಖಾನಾಪುರ
೪ ಡಿಸೆಂಬರ್ ೧೯೭೯

ಪ್ರಭುದಾಸರಿಗೆ,

ದೀಪಾವಳಿ ಮುಗಿದ ವಾರ ಮುದುಕಿ ತಾನೇ ಚಂದ್ರಾಳನ್ನು ಕರೆದುಕೊಂಡು ಬಂದು ಸತ್ಯವ್ವನ ಗುಡಿಸಲ ಮುಂದೆ ಬಿಟ್ಟು ಹೋದಳು. ಒಳಗೆ ಹೋಗಲಿಲ್ಲವಂತೆ. ಹುಡುಗಿ ಮೊದಲ ದಿನ ತಾಯಿಯ ಗುರುತು ಹಿಡಿಯದೆ ಅತ್ತಳಂತೆ.

ನಾನು ನೋಡಲು ಹೋಗಿಲ್ಲ. ನೆರೆಯವರು ಹೇಳಿದ್ದು.

ಕೃಪಾಬಾಯಿ

*

ಹಿಂಡಲಗಾ
೨೮ ಮಾರ್ಚ್ ೧೯೮೩

ಕೃಪಾ,

ಈ ಮೂರು ವರ್ಷ ನೀನು ವರ್ಷಕ್ಕೆರಡು ಕಾಗದ ಬರೆದೆ, ಜಾಳಿಗೆಯ ಹತ್ತಿರ ಬರಲಿಲ್ಲ. ಅದು ಸರಿ. ಈಗ ಹೇಳಬೇಕಾದ ಸುದ್ದಿ ಇದೆ. ಒಳ್ಳೆಯ ನಡತೆಗೆ ಮಾಫಿ ಸಿಕ್ಕ ದಿನಗಳನ್ನು ಕಳೆದು ನನ್ನ ಶಿಕ್ಷೆ ಮುಗಿಯಿತು. ಏಪ್ರಿಲ್ ಇಪ್ಪತ್ತು, ಬುಧವಾರ, ಬಿಡುತ್ತಾರೆ.

ಖಾನಾಪುರಕ್ಕೆ ಬರಲೋ ಬೇಡವೋ? ಬೆಳಗಾವಿಯಲ್ಲೇ ಯಾವುದಾದರೂ ಫೌಂಡ್ರಿಯಲ್ಲಿ ಕೂಲಿಗೆ ನಿಲ್ಲಬಲ್ಲೆ. ನೀನು ಬೇಡ ಎಂದರೆ ಬರುವುದಿಲ್ಲ. ನನಗೆ ಬಹಳ ಹೆದರಿಕೆಯಾಗಿದೆ. ಒಳಗೆ ಬಂದ ದಿನಕ್ಕಿಂತ ಹೆಚ್ಚು.

ಪ್ರಭುದಾಸ

*

ಖಾನಾಪುರ
೧೧ ಏಪ್ರಿಲ್ ೧೯೮೩

ನನ್ನ ಮನೆಯವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಏನೂ ತೋಚಲಿಲ್ಲ. ಆಮೇಲೆ ಸತ್ಯವ್ವನ ಹತ್ತಿರ ಹೋದೆ. ಈ ಊರಿಗೆ ನೀವು ಬರಬಹುದೋ ಬಾರದೋ ಹೇಳಬೇಕಾದವಳು ನಾನಲ್ಲ, ಅವಳು.

ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಚಂದ್ರಾ ಸಾಲಿಯ ಪಾಟಿ ಹಿಡಿದು ಕೂತಿದ್ದಳು. ಸುದ್ದಿ ಹೇಳಿದೆ. ಮೊರ ಅಲ್ಲಿಗೇ ನಿಂತಿತು. "ಹುಡುಗಿ, ಒಳಗ ಹೋಗು" ಎಂದಳು. ಕೈಮುಗಿಯಬೇಕೆನಿಸಿದರೂ ಮುಗಿಯಲಿಲ್ಲ, ಅವಳಿಗೆ ಅದು ಸೇರುವುದಿಲ್ಲ.

ಕೊನೆಗೆ ಅಂದಳು: "ಬರಲಿ. ಊರು ನಂದಲ್ಲ. ಆದರ ಮೊದಲ ಇಲ್ಲಿಗೆ ಬರಬೇಕು, ನಿನ್ನ ಮನಿಗಲ್ಲ, ನಿನ್ನ ಗುಡಿಗಲ್ಲ. ಹಗಲ ಹೊತ್ನ್ಯಾಗ ಬರಲಿ, ಓಣಿ ಮಂದಿ ನೋಡುವಂಗ. ಒಳಗ ಕರಿಯಂಗಿಲ್ಲ, ನೀರ ಕೊಡಂಗಿಲ್ಲ. ಹೊರಗ ನಿಂತು, ಏನ ಮಾಡಿದಾ ಅನ್ನೂದು ಅವನ ಬಾಯಿಲೇ ಹೇಳಲಿ. ನನ್ನ ಮಗಳು ಕೇಳಬೇಕು."

"ಆಮ್ಯಾಲ?" ಎಂದೆ.

"ಆಮ್ಯಾಲಿಂದು ನನಗ ಗೊತ್ತಿಲ್ಲ" ಎಂದು ಮೊರ ಎತ್ತಿಕೊಂಡಳು.

ಆದ್ದರಿಂದ ಬುಧವಾರ ಮೊದಲ ಬಸ್ಸಿಗೆ ಹಿಂಡಲಗಾಕ್ಕೆ ಬರುತ್ತೇನೆ. ಇಬ್ಬರೂ ಕೂಡಿ ಖಾನಾಪುರಕ್ಕೆ ಬಂದು, ನಿಲ್ದಾಣದಿಂದ ನೆಟ್ಟಗೆ ಅವಳ ಅಂಗಳಕ್ಕೆ ನಡೆಯೋಣ. ನಿಮಗೆ ಹೆದರಿಕೆ ಎಂದಿರಿ. ನನಗೂ ಇದೆ. ಇದನ್ನು ಈ ಸಲ ಮುಚ್ಚಿಡುವುದಿಲ್ಲ.

ನೀವು ಹೇಳಿ ಮುಗಿಸುವ ತನಕ ನಾನು ಬಾಜು ನಿಂತಿರುತ್ತೇನೆ.

ಕೃಪಾ